ಬಾಣಲೆ ಏರದ ದೀಪಾವಳಿ

ಮನೆಯಲ್ಲಿ ಒಬ್ಬರೂ ಸಾಯದೆ ಹತ್ತು ದಿನ ಸೂತಕ ಅನುಭವಿಸಿದ ಗೃಹಸ್ಥ ಯಾರಾದರೂ ಇದ್ದರೆ ಅದು ನಮ್ಮ ಎದುರು ಮನೆಯ ರುದ್ರಮುನಿ. ಇದು ಅವರಿವರು ಹೇಳಿದ ಮಾತಲ್ಲ. ಆ ಮನೆಗೆ ಹೋಗಿ, ಕಾಲು ಗಂಟೆ ತಲೆ ತಗ್ಗಿಸಿ ಕೂತು, ಕಾಫಿ ಬೇಡವೆಂದು, ‘ಹೋಗಿ ಬರ್ತೀನಿ’ ಅನ್ನದೆ ಎದ್ದು ಬಂದವರಲ್ಲಿ ನಾನೂ ಒಬ್ಬ. ನನ್ನದು ವಿಮೆ ಏಜೆಂಟ್ ಕೆಲಸ. ಇಪ್ಪತ್ತೆರಡು ವರ್ಷದ ಸರ್ವೀಸಿನಲ್ಲಿ ಸಾವಿನ ಸುದ್ದಿಯ ವಿಷಯದಲ್ಲಿ ನಾನು ಮೋಸ ಹೋದದ್ದು ಇದೊಂದೇ ಸಲ.

ರುದ್ರಮುನಿ ಚನ್ನಗಿರಿಯ ಒಂದು ಅಡಿಕೆ ಮಂಡಿಯಲ್ಲಿ ಗುಮಾಸ್ತ. ಒಳ್ಳೆಯ ಮನುಷ್ಯ. ಚಟ ಒಂದೇ: ಯಾವುದನ್ನೂ ಅರ್ಧಕ್ಕಿಂತ ಹೆಚ್ಚು ಓದುವುದಿಲ್ಲ, ಓದಿದ ಅರ್ಧವನ್ನು ಎರಡು ಪಟ್ಟು ಪಾಲಿಸುತ್ತಾನೆ. ದಿನಕ್ಕೆ ಮೂರು ಲೀಟರ್ ನೀರು ಕುಡಿಯಬೇಕೆಂದು ಎಲ್ಲೋ ಓದಿ, ಮೂರನ್ನೂ ಬೆಳಗಿನ ಆರು ಗಂಟೆಗೇ ಕುಡಿದು ಮುಗಿಸಿ, ಮಂಡಿಯಲ್ಲಿ ಕೂರಲೂ ಆಗದೆ ನಿಲ್ಲಲೂ ಆಗದೆ ಒದ್ದಾಡಿದವನು. ಅವನ ಹೆಂಡತಿ ಪ್ರಮೀಳಾ ಮಾತ್ರ ಎಲ್ಲವನ್ನೂ ಪೂರ್ತಿ ಓದುವ ಹೆಂಗಸು. ನವಣೆ, ಸಜ್ಜೆ, ಎಳ್ಳು, ಶೇಂಗಾ, ಬೆಲ್ಲ ಇಷ್ಟರಲ್ಲೇ ಮನೆಯಲ್ಲಿ ಉಂಡೆ ಕಟ್ಟಿ, ಸ್ತ್ರೀಶಕ್ತಿ ಸಂಘದವರ ಮೇಳಗಳಲ್ಲಿ ಮಾರುತ್ತಿದ್ದಳು. ಆಕೆಯ ಕೈರುಚಿ ಎಂಥದೆಂದರೆ, ಸಕ್ಕರೆ ಕಾಯಿಲೆಯ ನಾನೇ ಡಾಕ್ಟರಿಗೆ ಸುಳ್ಳು ಹೇಳಿ ತಿಂದಿದ್ದೇನೆ.

ದಾವಣಗೆರೆಯ ಒಂದು ಮೇಳದಲ್ಲಿ ಆ ಉಂಡೆ ತಿಂದ ಹೊನ್ನಾಳಿಯ ಕಸ್ತೂರಮ್ಮ ಎಂಬ ಹೆಂಗಸು ದೀಪಾವಳಿಗೆ ನಾಲ್ಕು ದಿನ ಮುಂಚೆ ಪ್ರಮೀಳಾಳನ್ನು ಹುಡುಕಿಕೊಂಡು ಬಂದರು. ಅವರ ಮಗಳು ವಾಣಿಶ್ರೀಗೆ ಏಳು ತಿಂಗಳು. ಹಬ್ಬ ಕಳೆದು ಎರಡನೇ ಶುಕ್ರವಾರ ತವರಿನಲ್ಲಿ ಕುಬಸ ಇಟ್ಟುಕೊಂಡಿದ್ದರು. ಬಸುರಿಗೆ ಹಸಿರು ಬಳೆ ತೊಡಿಸಿ, ಉಡಿ ತುಂಬಿ, ಬಯಸಿದ್ದನ್ನೆಲ್ಲ ತಿನ್ನಿಸುವ ಶಾಸ್ತ್ರ ಅದು. ತೊಂದರೆ ಇದ್ದದ್ದು ತಿನ್ನಿಸುವುದರಲ್ಲೇ. ಗೋಧಿಯಲ್ಲಿ ಗ್ಲುಟೆನ್ ಎಂಬ ಅಂಟಿನ ಅಂಶ ಇರುತ್ತದಂತೆ. ಆ ಹುಡುಗಿಗೆ ಅದು ಚಿಟಿಕೆಯಷ್ಟು ಹೊಟ್ಟೆಗೆ ಹೋದರೂ ವಾರಗಟ್ಟಲೆ ಹಾಸಿಗೆ ಹಿಡಿಯುವಂತಾಗುತ್ತದಂತೆ. ಚಪಾತಿ, ರವೆ, ಮೈದಾ, ಶಾವಿಗೆ ಒಂದೂ ಆಗದು. ಗೋಧಿ ಸೋಕಿದ ಪಾತ್ರೆಯಲ್ಲಿ ಮಾಡಿದ್ದೂ ಆಗದು.

“ಮದುವೆ ದಿನಾನೂ ನನ್ನ ಮಗಳು ಬಾಳೆಹಣ್ಣು ತಿಂದು ಕುಂತಿದ್ಲು ಕಣಮ್ಮ,” ಎಂದರಂತೆ ಕಸ್ತೂರಮ್ಮ. “ಎಲ್ಲರೂ ಹೋಳಿಗೆ ಉಣ್ತಿದ್ರು, ಇವಳು ನೋಡ್ತಿದ್ಲು. ಕುಬಸದ ದಿನ ಆದ್ರೂ ನಾಕು ಮಂದಿ ಜೊತಿ ಕುಂತು, ಹೆದರದಂಗೆ ಹೊಟ್ಟೆ ತುಂಬ ಸಿಹಿ ತಿನ್ಲಿ ಅಂತ ನನಗೆ ಆಸೆ.”

ನೂರೈವತ್ತು ಡಬ್ಬಿ ಉಂಡೆ, ತಂಬಿಟ್ಟು. ಬಂದ ನೆಂಟರಿಗೂ ಅದೇ, ಮಗಳಿಗೂ ಅದೇ. ಪ್ರಮೀಳಾ ಆ ತಾಯಿಯ ಕೈ ಹಿಡಿದು ಆಗಲಿ ಎಂದಳು. ಅಷ್ಟಕ್ಕೆ ಸುಮ್ಮನಾಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ, ಆದರೆ ಬಾಗಿಲಲ್ಲಿ ರುದ್ರಮುನಿ ನಿಂತು ಕೇಳಿಸಿಕೊಂಡಿದ್ದ.

ಅವನು ಮೊದಲು ಮಾಡಿದ ಕೆಲಸ ಗುಟ್ಟು. ಹಿಂದಿನ ವರ್ಷ ಹೆಂಡತಿಯ ಶೇಂಗಾ ಚಟ್ನಿಪುಡಿಯ ಅಳತೆಯನ್ನು ಮಂಡಿಯಲ್ಲಿ ಹೆಮ್ಮೆಯಿಂದ ಹೇಳಿಕೊಂಡಿದ್ದ; ತಿಂಗಳೊಳಗೆ ಮೂರು ಮನೆಯವರು ಅದೇ ಪುಡಿ ಮಾರತೊಡಗಿದ್ದರು. ಈ ಸಲ ಬೀದಿಯಲ್ಲಿ ಒಂದು ನರಪಿಳ್ಳೆಗೂ ವಿಷಯ ತಿಳಿಯಬಾರದೆಂದು ಹೆಂಡತಿಯಿಂದ ಆಣೆ ಹಾಕಿಸಿಕೊಂಡ. ಎರಡನೆಯದಾಗಿ ಫೋನಿನಲ್ಲಿ ಗ್ಲುಟೆನ್ ಬಗ್ಗೆ ಒಂದು ಲೇಖನವನ್ನು ಅರ್ಧ ಓದಿದ.

ಹೊಸ ಪಾತ್ರೆ ನಾಲ್ಕು ತಂದು ಒಂದು ಕೋಣೆ ಸ್ವಚ್ಛ ಮಾಡಿದರೆ ಸಾಕೆಂದು ಪ್ರಮೀಳಾ ಹೇಳಿದಳು. ರುದ್ರಮುನಿ ಒಪ್ಪಲಿಲ್ಲ. ದೀಪಾವಳಿಯ ಅಮಾವಾಸ್ಯೆಯ ಬೆಳಿಗ್ಗೆ, ಬೀದಿಯವರೆಲ್ಲ ಎಣ್ಣೆ ಹಚ್ಚಿಕೊಂಡು ನಿಂತಿದ್ದಾಗ, ಅವನ ಮನೆಯ ಸಕಲ ಪಾತ್ರೆಗಳೂ ಅಂಗಳಕ್ಕೆ ಬಂದು ಬೋರಲು ಬಿದ್ದವು. ಹಾಸಿಗೆ, ಚಾದರ, ಪರದೆ ಎಲ್ಲ ಒಗೆದು ತಂತಿಗೆ ಬಂದವು. ಅಡುಗೆಮನೆಗೆ ಸುಣ್ಣ ಬಳಿಯಲಾಯಿತು. ಹಬ್ಬಕ್ಕೆ ಮುಂಚೆ ಎಲ್ಲರೂ ಸುಣ್ಣ ಬಳಿಯುತ್ತಾರೆ. ಹಬ್ಬದ ದಿನವೇ ಬಳಿಯುವ ಮನೆ ಎಂಥದೆಂದು ನಮ್ಮ ಕಡೆ ಚಿಕ್ಕ ಮಕ್ಕಳಿಗೂ ಗೊತ್ತು. ಪೂರಿ ಕರಿದ ಹಳೇ ಬಾಣಲೆ ಹಿತ್ತಲಿಗೆ ಹೋಯಿತು. ಹಿಂದಿನ ರಾತ್ರಿಯ ಚಪಾತಿ ಆರು ಉಳಿದಿದ್ದವು. ಅನ್ನಪೂರ್ಣೆಯನ್ನು ತಿಪ್ಪೆಗೆ ಎಸೆಯಬಾರದೆಂದು ಅವುಗಳನ್ನು ಚೂರು ಮಾಡಿ ಕಾಂಪೌಂಡ್ ಗೋಡೆಯ ಮೇಲಿಟ್ಟು, ಕಾಗೆ ಬಂದು ಮುಟ್ಟುವ ತನಕ ಕೈಕಟ್ಟಿ ನಿಂತಿದ್ದ.

ಮಧ್ಯಾಹ್ನ, ತಿಂಡಿ ಮಾರಲು ಬೇಕಾದ ಲೈಸೆನ್ಸಿನ ನಿಯಮಗಳನ್ನು ಅರ್ಧ ಓದಿದ. ಆಹಾರದಲ್ಲಿ ಕೂದಲು ಬೀಳಬಾರದೆಂದು ಅದರಲ್ಲಿತ್ತು. ತಲೆಗೆ ಟೋಪಿ ಹಾಕಿದರೆ ಸಾಕೆಂಬುದು ಉಳಿದ ಅರ್ಧದಲ್ಲಿ ಇದ್ದಿರಬೇಕು. ಇಪ್ಪತ್ತೈದು ವರ್ಷದಿಂದ ಮೂಗಿನ ಕೆಳಗೆ ಬೆಳೆಸಿದ್ದ ಪೊದೆಮೀಸೆಯನ್ನು ಅವನು ಆ ದಿನವೇ ಬೋಳಿಸಿಕೊಂಡ. ಸಂಜೆಯ ಹೊತ್ತಿಗೆ ಗಂಡ ಹೆಂಡತಿ ಇಬ್ಬರೂ ದಣಿದು, ಹೊಸ್ತಿಲಿಗೆ ದೀಪ ಹಚ್ಚುವುದನ್ನೂ ಮರೆತು ಮಲಗಿಬಿಟ್ಟರು. ಮರುದಿನ ಬಲಿಪಾಡ್ಯಮಿಗೆ ಇಡೀ ಬೀದಿಯೇ ಹೋಳಿಗೆಯ ವಾಸನೆ ಹೊಡೆಯುತ್ತಿದ್ದರೆ ಆ ಒಂದು ಮನೆಯಲ್ಲಿ ಒಲೆಯ ಮೇಲೆ ಬಾಣಲೆ ಏರಲಿಲ್ಲ.

ಹಬ್ಬದ ದಿನ ಬಾಣಲೆ ಏರದ ಮನೆ ಎಂದರೆ ನಮ್ಮಲ್ಲಿ ಅರ್ಥ ಒಂದೇ. ಶರಣರ ಧರ್ಮದಲ್ಲಿ ಸೂತಕ ಇಲ್ಲವೆಂದು ಮಠದ ಸಭೆಗಳಲ್ಲಿ ಹೇಳುತ್ತಾರೆ, ನಾವೂ ಚಪ್ಪಾಳೆ ತಟ್ಟುತ್ತೇವೆ. ಮನೆಗೆ ಬಂದ ಮೇಲೆ ಎಲ್ಲ ಇದೆ.

ನಮ್ಮ ಬೀದಿಯ ಸೂತಕದ ಅಧಿಕಾರಿ ಎಂದರೆ ನಿವೃತ್ತ ಹೆಡ್‌ಮಾಸ್ಟರ್ ಜಯದೇವಪ್ಪನವರು. ಚನ್ನಗಿರಿಯಲ್ಲಿ ಅವರಿಲ್ಲದೆ ಒಂದು ಹೆಣ ಮೇಲೆದ್ದ ಉದಾಹರಣೆ ಇಲ್ಲ. ಅವರು ಬೆಳಿಗ್ಗೆಯೇ ನನ್ನ ಜಗಲಿಗೆ ಬಂದು, ಎದುರು ಮನೆಯನ್ನು ದಿಟ್ಟಿಸಿ, ಬೋರಲು ಪಾತ್ರೆ, ಸುಣ್ಣ, ಕಾಗೆ, ಮೀಸೆ, ದೀಪ, ಬಾಣಲೆ ಎಂದು ಬೆರಳು ಮಡಿಚಿ ಎಣಿಸಿದರು. ಇನ್ನು ಸತ್ತವರು ಯಾರೆಂಬುದಷ್ಟೇ ಉಳಿಯಿತು. ರುದ್ರಮುನಿಯ ತಂದೆ ತಾಯಿ ಎಂದೋ ಹೋಗಿದ್ದರು. ಪ್ರಮೀಳಾಳ ತವರಿನವರು ಮೊನ್ನೆಯಷ್ಟೇ ಬಂದು ಹೋಗಿದ್ದರು. ಉಳಿದವರೆಂದರೆ ಅವನನ್ನು ಸಾಕಿದ ಸೋದರತ್ತೆ, ಜಗಳೂರು ಕಡೆಯ ಅಂತರಘಟ್ಟಮ್ಮ; ಎಂಬತ್ತು ದಾಟಿದ ಮುದುಕಿ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಅಂತರಘಟ್ಟಮ್ಮ ಆ ಕ್ಷಣದಲ್ಲಿ ನಮ್ಮ ಬೀದಿಯ ಮಟ್ಟಿಗೆ ತೀರಿಕೊಂಡರು.

ಯಾರು ಹೋದರೆಂದು ಬಾಯಿಬಿಟ್ಟು ಕೇಳುವುದು ನಮ್ಮಲ್ಲಿ ಸಭ್ಯತೆಯಲ್ಲ. ಹೋಗಬೇಕು, ಕೂರಬೇಕು, ಏಳಬೇಕು. ಆದರೂ ನಾನು ವೃತ್ತಿಯ ಅಭ್ಯಾಸದಿಂದ ರುದ್ರಮುನಿಯನ್ನು ಗೇಟಿನ ಬಳಿ ತಡೆದು, ಏನು ವಿಷಯ ಎಂದು ಮೆಲ್ಲಗೆ ಕೇಳಿದೆ. ಅವನು ಅತ್ತಿತ್ತ ನೋಡಿ ದನಿ ತಗ್ಗಿಸಿದ.

“ಈಗ ಏನೂ ಕೇಳಬ್ಯಾಡ್ರಿ. ಎರಡನೇ ಶುಕ್ರವಾರ ಕಳೀಲಿ, ನಾನೇ ಎಲ್ಲರನ್ನೂ ಕರೆದು ಹೇಳ್ತೀನಿ.”

ತಿಥಿ ಶುಕ್ರವಾರ ಎಂದು ನಾನು ಡೈರಿಯಲ್ಲಿ ಬರೆದುಕೊಂಡೆ.

ಅಂದಿನಿಂದ ಆ ಮನೆಗೆ ಜನ ಬರತೊಡಗಿದರು. ಎರಡೆರಡು, ಮೂರು ಮೂರು ಮಂದಿ ಬಂದು ಚಾಪೆಯ ಮೇಲೆ ಕೂತು ನೆಲ ನೋಡುವರು. ಇವರೆಲ್ಲ ಹಬ್ಬಕ್ಕೆ ಮಾತಾಡಿಸಲು ಬಂದಿದ್ದಾರೆಂದು ರುದ್ರಮುನಿ ತಿಳಿದ. ಪರೀಕ್ಷೆಗೆಂದು ಕಟ್ಟಿದ್ದ ನವಣೆ ಉಂಡೆಗಳನ್ನು ತಟ್ಟೆಯಲ್ಲಿಟ್ಟು ಮುಂದೆ ಹಿಡಿಯುವನು. ಸಾವಿನ ಮನೆಯಲ್ಲಿ ಸಿಹಿ ಹಂಚುತ್ತಿದ್ದಾನೆಂದರೆ ಈತನಿಗೆ ದುಃಖ ತಲೆಗೇರಿದೆ ಎಂದು ಬಂದವರು ತಿಳಿದರು. ಯಾರೂ ಮುಟ್ಟಲಿಲ್ಲ. ಹೋಗುವಾಗ ಯಾರೂ ಹೋಗಿ ಬರುತ್ತೇವೆ ಎನ್ನಲಿಲ್ಲ. ಸೂತಕದ ಮನೆಗೆ ಮತ್ತೆ ಬರುತ್ತೇನೆಂದು ಹೇಳಬಾರದಲ್ಲ. ತನ್ನ ಉಂಡೆ ಕಂಡೊಡನೆ ಜನ ಮಾತಿಲ್ಲದೆ ಎದ್ದು ಹೋಗುವುದನ್ನು ನೋಡಿ ರುದ್ರಮುನಿ ಕಂಗಾಲಾದ. ಬೆಲ್ಲ ಕಮ್ಮಿಯಾಗಿದೆಯೇ ಎಂದು ಹೆಂಡತಿಯನ್ನು ಕೇಳಿದ. ಅವಳು ಬೆಲ್ಲ ಹೆಚ್ಚಿಸಿದಳು. ಮರುದಿನ ಬಂದವರೂ ಮುಟ್ಟಲಿಲ್ಲ. ಏಲಕ್ಕಿ ಹಾಕಿದಳು, ಮುಟ್ಟಲಿಲ್ಲ. ನಾನು ಹೋದ ದಿನ ಅವುಗಳ ಮೇಲೆ ಒಂದೊಂದು ದ್ರಾಕ್ಷಿಯೂ ಕೂತಿತ್ತು. ಬಾಯಲ್ಲಿ ನೀರು ಬಂದರೂ ತಡೆದುಕೊಂಡು, ಜೇಬಿನಿಂದ ಕರ್ಚೀಪು ತೆಗೆದು ಕಣ್ಣಿಗೆ ಒತ್ತಿಕೊಂಡೆ.

“ನೀವೂ ತಿನ್ನಲ್ವೇನ್ರಿ?” ಎಂದ ರುದ್ರಮುನಿ. ಅವನ ದನಿಯಲ್ಲಿ ನಿಜವಾಗಿಯೂ ಸಂಕಟವಿತ್ತು. ನಾನು ಅವನ ಭುಜ ತಟ್ಟಿ, ಧೈರ್ಯ ತಗೊಳ್ರಿ ಎಂದು ಹೇಳಿ ಎದ್ದೆ. ಒಂದು ಉಂಡೆ ಬೇಡವೆಂದದ್ದಕ್ಕೆ ಇಷ್ಟು ದೊಡ್ಡ ಸಮಾಧಾನವೇಕೆ ಎಂದು ಅವನು ನನ್ನ ಬೆನ್ನನ್ನೇ ನೋಡುತ್ತ ನಿಂತಿದ್ದ.

ನಮ್ಮ ಬೀದಿ ಬರೀ ಕೂತು ಏಳುವ ಬೀದಿಯಲ್ಲ. ಒಲೆ ಹಚ್ಚದ ಮನೆಗೆ ಊಟ ಕಳಿಸುವ ಪದ್ಧತಿ ಇನ್ನೂ ಇದೆ. ಜಯದೇವಪ್ಪನವರ ಮನೆಯಿಂದ ಕ್ಯಾರಿಯರಿನಲ್ಲಿ ಚಪಾತಿ ಹೋಯಿತು. ನಮ್ಮ ಮನೆಯಿಂದ ಉಪ್ಪಿಟ್ಟು. ಮೂಲೆಮನೆಯವರು ಗೋಧಿ ಪಾಯಸವನ್ನೇ ಕೊಟ್ಟರು. ಕೊಟ್ಟದ್ದನ್ನು ಬೇಡವೆನ್ನಲು ಪ್ರಮೀಳಾಳಿಗೆ ಸಂಕೋಚ. ಯಾಕೆಂದು ಹೇಳಲು ಆಣೆ ಅಡ್ಡ. ಕ್ಯಾರಿಯರ್ ಒಳಗೆ ಬಂದ ಕೂಡಲೇ ರುದ್ರಮುನಿ ಅದನ್ನು ಎರಡು ಬೆರಳಿನಲ್ಲಿ ಹಿಡಿದು ಹಿತ್ತಲಿಗೆ ಒಯ್ದು, ಒಳಗಿದ್ದದ್ದನ್ನು ಕಾಗೆಗಳಿಗೆ ಹಾಕಿ, ಮತ್ತೆ ಮನೆ ತೊಳೆಯುವನು. ಪಾತ್ರೆಗಳು ಮತ್ತೆ ಅಂಗಳಕ್ಕೆ ಬರುವವು. ಇಷ್ಟು ದಿನವಾದರೂ ಆ ಮನೆಯಲ್ಲಿ ಮೈಲಿಗೆ ತೀರಲಿಲ್ಲವಲ್ಲ ಎಂದು ಮರುಗಿ ನಾವು ಇನ್ನೊಂದು ಕ್ಯಾರಿಯರ್ ಕಳಿಸುತ್ತಿದ್ದೆವು. ಒಂದು ವಾರದಲ್ಲಿ ಆ ಮನೆಯನ್ನು ಒಂಬತ್ತು ಸಲ ತೊಳೆದದ್ದನ್ನು ನನ್ನ ಹೆಂಡತಿ ಎಣಿಸಿದ್ದಾಳೆ. ಕಾಗೆಗಳು ಹೊತ್ತಿಗೆ ಸರಿಯಾಗಿ ಬಂದು ಕಾಯುವುದನ್ನು ಕಲಿತಿದ್ದವು.

ಇಷ್ಟಾದರೂ ಪ್ರಮೀಳಾ ಉಂಡೆ ಕಟ್ಟುವುದನ್ನು ಬಿಡಲಿಲ್ಲ. ಗುರುವಾರ ಮಧ್ಯಾಹ್ನಕ್ಕೆ ನೂರೈವತ್ತು ಡಬ್ಬಿ ತುಂಬಿ, ಮುಚ್ಚಳ ಹಾಕಿ ಆಗಿತ್ತು. ಆಗ ಕಸ್ತೂರಮ್ಮನವರ ಫೋನ್ ಬಂತು.

ಜಯದೇವಪ್ಪನವರ ಹೆಂಡತಿಯ ತವರು ಹೊನ್ನಾಳಿ ಎಂಬುದನ್ನು ಇಲ್ಲಿ ಹೇಳಲೇಬೇಕು. ಕಸ್ತೂರಮ್ಮನವರ ಮನೆ ಅವರ ತವರಿನ ಪಕ್ಕದ ಬೀದಿಯಲ್ಲೇ ಇತ್ತು. ಸುದ್ದಿ ಮುಟ್ಟಲು ಅಷ್ಟು ಸಾಕಾಯಿತು. ಕಸ್ತೂರಮ್ಮ ಬಹಳ ಮೃದುವಾಗಿಯೇ ಮಾತಾಡಿದರಂತೆ. ಈ ಹೊತ್ತಿನಲ್ಲಿ ನಿಮಗೆ ತೊಂದರೆ ಕೊಡಲು ಮನಸ್ಸು ಬರುವುದಿಲ್ಲ, ಉಂಡೆ ತರಬೇಡಿ, ಮನಸ್ಸು ಗಟ್ಟಿ ಮಾಡಿಕೊಳ್ಳಿ ಎಂದು ಫೋನ್ ಇಟ್ಟರಂತೆ. ಸೂತಕದ ಮನೆಯ ತಿಂಡಿಯನ್ನು ಬಸುರಿಯ ಉಡಿಗೆ ಯಾರು ತಾನೇ ಹಾಕುತ್ತಾರೆ? ಆದರೆ ಸೂತಕ ಎಂಬ ಮಾತನ್ನು ಅವರೂ ಬಾಯಿಬಿಟ್ಟು ಹೇಳಲಿಲ್ಲ. ಸಭ್ಯತೆ.

ಪ್ರಮೀಳಾ ಡಬ್ಬಿಗಳ ನಡುವೆ ಕೂತು ಜೋರಾಗಿ ಅತ್ತಳು. ಆ ಅಳು ಬೀದಿಯ ಕೊನೆಯ ತನಕ ಕೇಳಿಸಿತು. ಹತ್ತು ದಿನದ ಮೇಲೆ ಈಗ ದುಃಖ ಹೊರಗೆ ಬಂತು, ಒಳ್ಳೆಯದಾಯಿತು ಎಂದರು ಜಯದೇವಪ್ಪನವರು.

ಶುಕ್ರವಾರ ಬೆಳಿಗ್ಗೆ ಎಂಟು ಗಂಟೆಗೆ ನಮ್ಮ ಬೀದಿಗೆ ಒಂದು ಆಟೋ ಬಂತು. ಮೇಷ್ಟ್ರು ತಿಥಿಗೆಂದು ಬಿಳಿ ಶಲ್ಯ ಹೊದ್ದು ನನ್ನ ಜಗಲಿಯ ಮೇಲೆ ಕೂತಿದ್ದರು. ಆಟೋದಿಂದ ಅಂತರಘಟ್ಟಮ್ಮ ಇಳಿದರು.

ಮೇಷ್ಟ್ರು ನನ್ನ ಕೈಯನ್ನು ಹಿಡಿದುಕೊಂಡರು.

ಆಮೇಲೆ ತಿಳಿದದ್ದು ಇಷ್ಟು. ಜಗಳೂರಿನ ರವಿಕುಮಾರ್ ಎಂಬಾತ ವ್ಯಾಪಾರಕ್ಕೆಂದು ಚನ್ನಗಿರಿಗೆ ಬಂದಿದ್ದಾಗ, ಮುದುಕಿ ಹೋದದ್ದಕ್ಕೆ ಮೇಷ್ಟ್ರು ಅವನ ಬಳಿ ವಿಷಾದ ಸೂಚಿಸಿದ್ದರು. ಪಾಪ, ಅವನು ಊರಿಗೆ ಹೋದವನೇ ಹಾರ ತಗೊಂಡು ಮುದುಕಿಯ ಮನೆಗೆ ಹೋಗಿದ್ದಾನೆ. ಅಂತರಘಟ್ಟಮ್ಮ ಜಗಲಿಯಲ್ಲಿ ಕೂತು ಶೇಂಗಾ ಬಿಡಿಸುತ್ತಿದ್ದರು. ನಿಮ್ಮ ಫೋಟೋಕ್ಕೆ ಹಾರ ಹಾಕಲು ಬಂದೆ ಎಂದು ಹೇಳುವುದಾದರೂ ಹೇಗೆ? ಹಾರವನ್ನು ಬೆನ್ನ ಹಿಂದೆ ಅಡಗಿಸಿ, ಚನ್ನಗಿರಿಯ ನಿಮ್ಮ ರುದ್ರಮುನಿಯ ಮನೆಯಲ್ಲಿ ಸಾವಾಗಿದೆಯಂತೆ ಎಂದು ತಡವರಿಸಿ ಓಡಿಬಂದಿದ್ದಾನೆ. ಮುದುಕಿ ಮೊದಲ ಬಸ್ಸು ಹತ್ತಿದ್ದಾರೆ.

ಗೇಟಿನಲ್ಲಿ ನಿಂತಿದ್ದ ರುದ್ರಮುನಿಯನ್ನು ಅವರು ತಲೆಯಿಂದ ಪಾದದ ತನಕ ಸವರಿ ನೋಡಿದರು. ಆಮೇಲೆ ಬೋಳು ತುಟಿ ನೋಡಿದರು.

“ನೀನು ಬದುಕಿದೀಯ. ಒಳಗೆ ಪ್ರಮೀಳಾ ಅಡ್ಡಾಡ್ತಾಳೆ. ಮತ್ತೆ ಸತ್ತೋರು ಯಾರಪ್ಪ?”

“ಎಲ್ಲಿ ಅತ್ತೆ?”

“ನಿನ್ನ ಮನಿಯಾಗೆ.”

ರುದ್ರಮುನಿ ತಿರುಗಿ ಮನೆಯನ್ನು ನೋಡಿದ, ಯಾರಾದರೂ ಸತ್ತಿದ್ದು ತನಗೆ ಗೊತ್ತಾಗಿಲ್ಲವೇನೋ ಎಂಬಂತೆ. ಅಷ್ಟರಲ್ಲಿ ಮೇಷ್ಟ್ರು ಧೈರ್ಯ ಮಾಡಿ ರಸ್ತೆ ದಾಟಿ ಬಂದಿದ್ದರು. ಮುದುಕಿಯ ಎದುರಿಗೇ, ಸತ್ತವರು ಆಕೆಯೇ ಎಂದು ಎಲ್ಲರೂ ತಿಳಿದಿದ್ದನ್ನು ಬಹಳ ಮರ್ಯಾದೆಯಿಂದ ವಿವರಿಸಿದರು. ಸುಣ್ಣ, ಕಾಗೆ, ಮೀಸೆ ಎಲ್ಲವನ್ನೂ ಸಾಕ್ಷಿಯಾಗಿ ಹೇಳಿದರು. ಅಂತರಘಟ್ಟಮ್ಮ ಶಾಂತವಾಗಿ ಕೇಳಿ, ತಾನು ಸತ್ತಿಲ್ಲವೆಂದರು. ಹಾಗಾದರೆ ಬೇರೆ ಯಾರಾದರೂ ಸತ್ತಿರಲೇಬೇಕು, ಇಷ್ಟೆಲ್ಲ ಲಕ್ಷಣ ಸುಮ್ಮನೆ ಬರುವುದಿಲ್ಲ ಎಂದು ಮೇಷ್ಟ್ರು ಪಟ್ಟು ಹಿಡಿದರು. ಹತ್ತು ದಿನ ಪಟ್ಟ ದುಃಖ ವ್ಯರ್ಥವಾಯಿತೆಂಬ ಸಿಟ್ಟು ಅವರಿಗೆ. ರುದ್ರಮುನಿ ಅವರ ಮುಖ, ಇವರ ಮುಖ ನೋಡುತ್ತ, ಸತ್ತವರ ಹೆಸರು ಹೇಳಿದರೆ ಎಲ್ಲ ಮುಗಿಯುವುದಾದರೆ ಒಂದು ಹೆಸರು ಹೇಳಿಬಿಡೋಣವೇ ಎನ್ನುವಷ್ಟು ಗೊಂದಲದಲ್ಲಿದ್ದ.

ಪ್ರಮೀಳಾ ಬಾಗಿಲಿಗೆ ಬಂದವಳು ಅಲ್ಲೇ ಕಂಬ ಹಿಡಿದು ನಿಂತಳು. ಹೊನ್ನಾಳಿಯವರು ಉಂಡೆ ಬೇಡವೆಂದದ್ದು ಏಕೆಂದು ಅವಳಿಗೆ ಆಗ ಹೊಳೆಯಿತು.

“ಆಣೆ ಗೀಣೆ ಸಾಕು,” ಎಂದಳು ಗಂಡನಿಗೆ. “ಸತ್ತಿದ್ದು ಗೋಧಿ ಹಿಟ್ಟು ಅಂತ ಈಗ್ಲೇ ಹೇಳ್ತೀರೋ, ನಾನೇ ಹೇಳ್ಲೋ?”

ಅವಳೇ ಹೇಳಿದಳು. ಕೇಳಿ ಮುಗಿದ ಮೇಲೆ ಮೇಷ್ಟ್ರು ಶಲ್ಯ ಮಡಿಚಿ ಕಂಕುಳಲ್ಲಿಟ್ಟುಕೊಂಡರು. ನಾನು ನನ್ನ ಹಳೇ ಕಾರು ತೆಗೆದೆ. ಅಷ್ಟು ಉಪ್ಪಿಟ್ಟು ಕಳಿಸಿದ ಪಾಪಕ್ಕೆ ನಾನು ಅಷ್ಟಾದರೂ ಮಾಡಬೇಕಿತ್ತು. ಡಬ್ಬಿಗಳನ್ನು ಹಿಂದೆ ಮುಂದೆ ತುಂಬಿ, ಅಂತರಘಟ್ಟಮ್ಮನನ್ನು ಮುಂದಿನ ಸೀಟಿನಲ್ಲಿ ಸಾಕ್ಷಿಯಾಗಿ ಕೂರಿಸಿಕೊಂಡು ಹೊರಟೆವು. ಫೋನ್ ಮಾಡಿದರೆ ಕುಬಸದ ಗದ್ದಲದಲ್ಲಿ ಯಾರೂ ಎತ್ತಲಿಲ್ಲ.

ಹೊನ್ನಾಳಿಯಲ್ಲಿ ಬಾಗಿಲಲ್ಲೇ ನಮ್ಮನ್ನು ತಡೆದರು. ಮೀಸೆ ಬೋಳಿಸಿದ ಗಂಡಸು, ಅತ್ತು ಕಣ್ಣು ಊದಿದ ಹೆಂಗಸು ಹೊಸ್ತಿಲಿಗೆ ಬಂದು ನಿಂತರೆ ಬಸುರಿಯಿರುವ ಮನೆಯವರು ಇನ್ನೇನು ಮಾಡುತ್ತಾರೆ? ಕಸ್ತೂರಮ್ಮ ಓಡಿ ಬಂದು ಕೈಮುಗಿದರು. ನಿಮ್ಮ ದುಃಖ ನನಗೂ ಇದೆ, ಆದರೆ ಇವತ್ತೊಂದು ದಿನ ಬೇಡ ಎಂದು ಅವರು ಬೇಡಿಕೊಳ್ಳುತ್ತಿದ್ದರೆ, ಒಳಗೆ ಹಸಿರು ಸೀರೆ ಉಟ್ಟು ಮಣೆಯ ಮೇಲೆ ಕೂತ ಹುಡುಗಿ ಕಾಣುತ್ತಿದ್ದಳು. ಸುತ್ತ ತಟ್ಟೆ ತಟ್ಟೆ ಚಿರೋಟಿ, ಹೋಳಿಗೆ, ಶಾವಿಗೆ ಪಾಯಸ. ಅವಳ ಕೈಯಲ್ಲಿ ಅರ್ಧ ಸುಲಿದ ಬಾಳೆಹಣ್ಣು ಇತ್ತು.

ರುದ್ರಮುನಿ ವಿವರಿಸಲು ಹೊರಟು ಗ್ಲುಟೆನ್‌ನಿಂದ ಶುರು ಮಾಡಿದ. ಅರ್ಧ ಓದಿದ್ದ ಲೇಖನ ಅರ್ಧಕ್ಕೇ ನಿಂತಿತು. ಅಂತರಘಟ್ಟಮ್ಮ ಅವನನ್ನು ಪಕ್ಕಕ್ಕೆ ಸರಿಸಿ ಮುಂದೆ ಬಂದರು.

“ತಾಯಿ, ಇವರ ಮನಿಯಾಗೆ ಸತ್ತೋಳು ನಾನೇ. ಬೆಳಿಗ್ಗೆ ಬಸ್ ಹತ್ತಿ ಬಂದೀನಿ, ಟಿಕೀಟ್ ಐತೆ ನೋಡು. ನಿನ್ನ ಮಗಳ ಹೊಟ್ಟಿಗೆ ಗೋಧಿ ತಾಗಬಾರದು ಅಂತ ಈ ಹುಚ್ಚಪ್ಪ ಮನಿ ತೊಳೆದ, ಮೀಸಿ ಬೋಳಿಸ್ದ, ಹಬ್ಬ ಬಿಟ್ಟ. ಊರೋರು ನನ್ನ ಹೂಳಿಬಿಟ್ರು. ಇಷ್ಟು ಮಾಡಿ ತಂದಿದ್ದನ್ನ ಆ ಕೂಸು ತಿನ್ನದಿದ್ರೆ, ನಾನು ಸತ್ತಿದ್ದು ದಂಡ ಆಗ್ತೈತೆ.”

ಕಸ್ತೂರಮ್ಮ ಮುದುಕಿಯನ್ನು ನೋಡಿದರು, ಟಿಕೆಟ್ ನೋಡಿದರು. ಅವರ ಮುಖದಲ್ಲಿ ಇನ್ನೂ ಏನೂ ಇತ್ಯರ್ಥವಾಗಿರಲಿಲ್ಲ. ಅಷ್ಟರಲ್ಲಿ ವಾಣಿಶ್ರೀ ಮಣೆಯಿಂದ ಎದ್ದು, ಯಾರು ಬೇಡವೆಂದರೂ ಕೇಳದೆ, ಹೊಟ್ಟೆಯ ಮೇಲೊಂದು ಕೈ ಇಟ್ಟುಕೊಂಡು ಬಾಗಿಲಿಗೆ ಬಂದಳು. ಪ್ರಮೀಳಾಳನ್ನು ಒಂದೇ ಪ್ರಶ್ನೆ ಕೇಳಿದಳು.

“ಅಕ್ಕಾ, ಖರೇನೂ ಒಂಚೂರೂ ಗೋಧಿ ತಾಗಿಲ್ವಾ?”

“ನಿನ್ನಾಣೆಗೂ ತಾಗಿಲ್ಲ ಕಣವ್ವ. ಒಂಬತ್ತು ಸಲ ಮನೆ ತೊಳೆದೀವಿ.”

ಅವಳು ಅಲ್ಲೇ, ಹೊಸ್ತಿಲ ಮೇಲೆಯೇ ಕೂತು ಡಬ್ಬಿ ತೆರೆದಳು. ಮೊದಲ ಉಂಡೆಯನ್ನು ಮೆಲ್ಲಗೆ, ಹೆದರಿ ಹೆದರಿ ಕಚ್ಚಿದಳು. ಎರಡನೆಯದಕ್ಕೆ ಹೆದರಿಕೆ ಇರಲಿಲ್ಲ. ಮೂರನೆಯದು, ನಾಲ್ಕನೆಯದು, ಆಮೇಲೆ ತಂಬಿಟ್ಟು. ಬೆಲ್ಲದ ಪುಡಿ ಹಸಿರು ಬಳೆಗಳ ಮೇಲೆಲ್ಲ ಉದುರುತ್ತಿತ್ತು. ಹೆಂಗಸರು ಆರತಿ ತಟ್ಟೆ ಹಿಡಿದುಕೊಂಡೇ ನಿಂತು ನೋಡಿದರು. ನಾನು ಮತ್ತೆ ಕರ್ಚೀಪು ತೆಗೆದೆ, ಈ ಸಲ ನಿಜಕ್ಕೂ ಬೇಕಿತ್ತು. ಕಸ್ತೂರಮ್ಮನಿಗಂತೂ ತಡೆಯಲಾಗಲಿಲ್ಲ. ಬಾಗಿಲಿಗೆ ಒರಗಿ, ಸೆರಗು ಬಾಯಿಗಿಟ್ಟುಕೊಂಡು ಬಿಕ್ಕಿ ಬಿಕ್ಕಿ ಅಳತೊಡಗಿದರು. ಅದನ್ನು ನೋಡಿ ಪ್ರಮೀಳಾ ಅತ್ತಳು. ಇಬ್ಬರನ್ನೂ ನೋಡಿ ಅಂತರಘಟ್ಟಮ್ಮನೂ ಕಣ್ಣೊರೆಸಿಕೊಂಡರು.

ಸರಿಯಾಗಿ ಆ ಹೊತ್ತಿಗೆ ಗೋವಿನಕೋವಿಯಿಂದ ಬರಬೇಕಿದ್ದ ನೆಂಟರ ಟೆಂಪೋ ಬಂದು ನಿಂತಿತು. ನಗುತ್ತ ಮಾತಾಡುತ್ತ ಇಳಿದ ಹತ್ತು ಹನ್ನೆರಡು ಮಂದಿ ಬಾಗಿಲ ಕಡೆ ನೋಡಿದರು. ಮನೆಯೊಡತಿ ಅಳುತ್ತಿದ್ದಾರೆ, ಮಗಳು ಹೊಸ್ತಿಲ ಮೇಲೆ ನೆಲಕ್ಕೆ ಕೂತಿದ್ದಾಳೆ. ಅವರ ನಗು ನಿಂತಿತು. ಮುಂದಿದ್ದ ಹೆಂಗಸು ತಲೆಯ ಮಲ್ಲಿಗೆಯನ್ನು ಮೆಲ್ಲಗೆ ಕಿತ್ತು ಸೆರಗಿನಲ್ಲಿ ಬಚ್ಚಿಟ್ಟಳು. ಹಿಂದಿದ್ದ ಹಿರಿಯರು ಹಣ್ಣಿನ ತಟ್ಟೆಯನ್ನು ಟೆಂಪೋದೊಳಗೆ ವಾಪಸ್ ಇಟ್ಟರು. ಎಲ್ಲರೂ ಸದ್ದಿಲ್ಲದೆ ಚಪ್ಪರದೊಳಗೆ ಬಂದು ಸಾಲಾಗಿ ಕೂತು ನೆಲ ನೋಡತೊಡಗಿದರು.

ರುದ್ರಮುನಿ ಅವರನ್ನೇ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಒಂದು ತಟ್ಟೆ ತುಂಬ ಉಂಡೆ ಹಾಕಿಕೊಂಡು, ಆ ಹಿರಿಯರ ಮುಂದೆ ಹೋಗಿ ಬಗ್ಗಿದ.

“ಮೊದ್ಲೇ ಹೇಳ್ಬಿಡ್ತೀನ್ರಿ, ಇಲ್ಲಿ ಯಾರೂ ಸತ್ತಿಲ್ಲ,” ಎಂದ. “ತಗೊಳ್ರಿ.”